ಕಲ್ಲಿನ ಅಕ್ಷರಕ್ಕೆ ಯಾವ ಕ್ಯಾಮೆರಾ? ಪಡಿಯಚ್ಚಿನಿಂದ ಡಿಎಸ್‌ಎಲ್‌ಆರ್‌ವರೆಗೆ

ಶಾಸನಗಳ ಬಗ್ಗೆ ಆಸಕ್ತಿ ಬೆಳೆಸಿಕೊಂಡ ಗೆಳೆಯರು ಎಲ್ಲಿ ಸಿಕ್ಕರೂ ಒಂದು ಪ್ರಶ್ನೆ ಬಂದೇ ಬರುತ್ತೆ: ಊರೂರು ಸುತ್ತಿ ಕಲ್ಲುಗಳ ಫೋಟೋ ತೆಗೆಯಬೇಕು ಅಂತಿದ್ದೇನೆ, ಆರಂಭಿಕರ ಡಿಎಸ್‌ಎಲ್‌ಆರ್ ಕೊಳ್ಳಲೋ, ಜೇಬಿನಲ್ಲಿ ಹಿಡಿಯುವ ಕಾಂಪ್ಯಾಕ್ಟ್ ಸಾಕೋ? ಅಂಗಡಿಯವರು ಇದಕ್ಕೆ ಮೆಗಾಪಿಕ್ಸೆಲ್ ಲೆಕ್ಕದಲ್ಲಿ ಉತ್ತರ ಹೇಳ್ತಾರೆ. ಶಾಸನದ ಮಟ್ಟಿಗೆ ಆ ಲೆಕ್ಕ ಅಷ್ಟಾಗಿ ನಡೆಯೋದಿಲ್ಲ. ಯಾಕೆ ಅನ್ನೋದನ್ನು ತಿಳಿಯಲು ನಮ್ಮ ಹಿಂದಿನವರು ಕಲ್ಲಿನ ಬರಹವನ್ನು ಕಾಗದಕ್ಕೆ ಹೇಗೆ ಇಳಿಸಿಕೊಂಡರು ಅಂತ ಒಮ್ಮೆ ನೋಡಬೇಕು.

ಮೊದಲಿಗೆ ಇದ್ದದ್ದು ಕಣ್ಣು ಮತ್ತು ಕೈ. ಟಿಪ್ಪುವಿನ ಪತನದ ನಂತರ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದಾಗ ಅವನ ಜೊತೆಗಿದ್ದ ಕಾವಲಿ ವೆಂಕಟ ಬೋರಯ್ಯನಂಥ ಸಹಾಯಕರು ಶಾಸನಗಳನ್ನು ನೋಡಿ ನೋಡಿ ನಕಲು ಮಾಡಿಕೊಂಡರು. ಆಮೇಲೆ ವಾಲ್ಟರ್ ಎಲಿಯಟ್ ಕೂಡ ಧಾರವಾಡದ ಕಡೆ ಇದೇ ರೀತಿ ಕೆಲಸ ಮಾಡಿಸಿ, 595 ಶಾಸನಗಳ ಕೈಬರಹದ ಸಂಗ್ರಹವನ್ನೇ ಸಿದ್ಧಮಾಡಿದ. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಕೈನಕಲಿನ ತೊಂದರೆ ಏನೆಂದರೆ, ನಕಲುಗಾರ ಬರೆಯುವುದು ಕಲ್ಲಿನಲ್ಲಿ ಇರುವುದನ್ನಲ್ಲ, ತಾನು ಓದಿಕೊಂಡದ್ದನ್ನು. ಹಳೆಗಾಲದ ಲಿಪಿ ಅವನ ಕೈಯಲ್ಲಿ ಅವನ ಕಾಲದ ಅಕ್ಷರವಾಗಿಬಿಡುತ್ತೆ. ಅಲ್ಲಿ ಒಂದು 'ಮ' ತಪ್ಪಿ 'ವ' ಆಗಿದ್ದರೆ, ಕಲ್ಲು ಕಳೆದುಹೋದ ಮೇಲೆ ಅದನ್ನು ತಿದ್ದಲು ದಾರಿಯೇ ಇಲ್ಲ.

ಹೀಗಾಗಿ ಯಂತ್ರದ ಪಡಿಯಚ್ಚು ಬೇಕು ಅನ್ನಿಸಿತು. 1865ರ ಸುಮಾರಿಗೆ ಮೇಜರ್ ಡಿಕ್ಸನ್ ಮೈಸೂರು ಸರ್ಕಾರಕ್ಕಾಗಿ ಶಾಸನಗಳ ಫೋಟೋ ತೆಗೆದ. ಆ ಕಾಲದಲ್ಲಿ ಪ್ರಚಲಿತವಾಗಿದ್ದ ವಿಧಾನವನ್ನು ನೆನೆಸಿಕೊಂಡರೆ ನಮ್ಮ ಗೊಣಗಾಟ ನಿಂತುಹೋಗುತ್ತೆ: ಗಾಜಿನ ಫಲಕಕ್ಕೆ ಕೊಲೋಡಿಯನ್ ಹಚ್ಚಿ, ಅದು ಒಣಗುವುದರೊಳಗೆ ಚಿತ್ರ ತೆಗೆದು, ಅಲ್ಲೇ ಕತ್ತಲೆ ಡೇರೆಯಲ್ಲಿ ತೊಳೆಯಬೇಕು. ಎಲ್ಲ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯಬೇಕು. ಗಾಜು, ರಾಸಾಯನಿಕ, ಡೇರೆ ಎಲ್ಲ ಹೊತ್ತುಕೊಂಡೇ ಕಲ್ಲಿನ ಹತ್ತಿರ ಹೋಗಬೇಕು. ಡಿಕ್ಸನ್ ತೆಗೆದ ಚಿತ್ರಗಳು 1873ರಲ್ಲಿ ಬಿ. ಎಲ್. ರೈಸ್ ಅವರ ಕೈಗೆ ಅನುವಾದಕ್ಕಾಗಿ ಬಂದವು. 1879ರಲ್ಲಿ 'ಮೈಸೂರ್ ಇನ್ಸ್‌ಕ್ರಿಪ್ಷನ್ಸ್' ಪ್ರಕಟವಾಯಿತು. ಕನ್ನಡ ಶಾಸನಶಾಸ್ತ್ರದ ಬಹುದೊಡ್ಡ ಹೆಸರೊಂದು ಈ ಕ್ಷೇತ್ರಕ್ಕೆ ಗಟ್ಟಿಯಾಗಿ ಕಾಲಿಟ್ಟದ್ದು ಫೋಟೋಗಳ ಮೂಲಕ ಅನ್ನೋದು ನಮ್ಮಂಥವರಿಗೆ ಖುಷಿ ಕೊಡುವ ಸಂಗತಿ ಅಲ್ವಾ?

ಆದರೂ ಮುಂದಿನ ನೂರು ವರ್ಷ ಗೆದ್ದದ್ದು ಫೋಟೋ ಅಲ್ಲ, ಕಾಗದದ ಪಡಿಯಚ್ಚು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್‌ನಿಂದ ಬಡಿದು ಅಕ್ಷರದ ತಗ್ಗಿಗೆ ಕಾಗದ ಕೂರುವಂತೆ ಮಾಡಿ, ಸ್ವಲ್ಪ ಆರಿದ ಮೇಲೆ ಮೇಲಿನಿಂದ ಶಾಯಿ ತಟ್ಟುವುದು. ತಗ್ಗಿಗೆ ಶಾಯಿ ಮುಟ್ಟುವುದಿಲ್ಲ, ಕಪ್ಪು ಹಿನ್ನೆಲೆಯಲ್ಲಿ ಅಕ್ಷರ ಬೆಳ್ಳಗೆ ಎದ್ದು ಬರುತ್ತೆ. ಅಳತೆ ಕಲ್ಲಿನದೇ ಅಳತೆ. ಬಿಸಿಲು ಯಾವ ಕಡೆಯಿಂದ ಬರುತ್ತಿತ್ತು ಅನ್ನೋ ಪ್ರಶ್ನೆಯೇ ಏಳುವುದಿಲ್ಲ. ಫೋಟೋ ಬರೀ ಬೆಳಕನ್ನು ಹಿಡಿಯುತ್ತೆ, ಪಡಿಯಚ್ಚು ಆಳವನ್ನು ಮುಟ್ಟುತ್ತೆ. ಕ್ಯಾಮೆರಾ ಚರ್ಚೆಯ ಮೂಲ ಇಲ್ಲಿದೆ. ಶಾಸನದ ಅಕ್ಷರಕ್ಕೆ ಬಣ್ಣ ಇಲ್ಲ, ಅದೊಂದು ತಗ್ಗು ಮಾತ್ರ. ಆ ತಗ್ಗು ಕ್ಯಾಮೆರಾಕ್ಕೆ ಕಾಣುವುದು ನೆರಳಿನಿಂದ.

ಇದರ ಜೊತೆ ಇನ್ನೊಂದು ಮಾತು ಸೇರಿಸಬೇಕು. ಎಪಿಗ್ರಾಫಿಯಾ ಕರ್ನಾಟಿಕಾ 1886ರಲ್ಲಿ ಕೊಡಗಿನ ಸಂಪುಟದಿಂದ ಶುರುವಾಗಿ, ರೈಸ್ ಅವರ ಕಾಲದಲ್ಲೇ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ನಮಗೆ ಕೊಟ್ಟಿತು. ಆದರೆ ಆ ಸಂಪುಟಗಳಲ್ಲಿ ಚಿತ್ರಫಲಕಗಳು ಬೆರಳೆಣಿಕೆಯಷ್ಟು. ಬಹುಪಾಲು ಕಲ್ಲುಗಳಿಗೆ ಅಲ್ಲಿರುವುದು ಪಾಠ, ಲಿಪ್ಯಂತರ, ಅನುವಾದ. ಅಂದರೆ ಬೆಂಗಳೂರು ಸುತ್ತಲಿನ ಲೇಔಟ್ ಒಂದರಲ್ಲಿ ಯಾವುದೋ ತುರುಗೊಳ್ ಕಲ್ಲು ಜೆಸಿಬಿಗೆ ಸಿಕ್ಕು ಪುಡಿಯಾದರೆ, ನಮಗೆ ಉಳಿಯುವುದು ಆ ಕಾಲದ ಪಂಡಿತರ ಓದು ಮಾತ್ರ. ಅವರು ಚುಕ್ಕಿ ಹಾಕಿ ಬಿಟ್ಟ ಸಾಲುಗಳು ಹಾಗೇ ಚುಕ್ಕಿಯಾಗಿಯೇ ಉಳಿಯುತ್ತವೆ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು, ಅಂದರೆ ಸುಮಾರು 750ರ ಗಂಗ ಶ್ರೀಪುರುಷನ ಕಾಲದ್ದು, ಮಣ್ಣು ಅಗೆಯುವಾಗ ಸಿಕ್ಕಿದ್ದು ನಮ್ಮ ಪುಣ್ಯ. ಅದೃಷ್ಟ ಎಲ್ಲ ಕಲ್ಲಿಗೂ ಹಾಗೆ ಇರುವುದಿಲ್ಲ. ಹಾಗಾಗಿ ನೀವು ಇವತ್ತು ತೆಗೆಯುವ ಫೋಟೋ ಆ ಕಲ್ಲಿನ ಕೊನೆಯ ಸಾಕ್ಷಿ ಆಗಬಹುದು. ಫೇಸ್‌ಬುಕ್ಕಿಗೆ ಚೆಂದ ಕಂಡರೆ ಸಾಲದು. ಮುಂದೆ ಒಬ್ಬರು ಕೂತು ಅದನ್ನು ಹೊಸದಾಗಿ ಓದುವಂತಿರಬೇಕು.

ಈಗ ಲೆಕ್ಕಕ್ಕೆ ಬರೋಣ. ಐದು ಅಡಿ ಎತ್ತರ, ಮೂರು ಅಡಿ ಅಗಲದ ಒಂದು ಶಾಸನ ಕಲ್ಲು ಅಂತಿಟ್ಟುಕೊಳ್ಳಿ. 24 ಮೆಗಾಪಿಕ್ಸೆಲ್ ಡಿಎಸ್‌ಎಲ್‌ಆರ್‌ನ ಚಿತ್ರದಲ್ಲಿ ಉದ್ದದ ಕಡೆ 6000 ಪಿಕ್ಸೆಲ್ ಇರುತ್ತೆ. ಕಲ್ಲಿನ ಪ್ರತಿ ಮಿಲಿಮೀಟರಿಗೆ ಸುಮಾರು 4 ಪಿಕ್ಸೆಲ್ ಬಿತ್ತು. 12 ಮೆಗಾಪಿಕ್ಸೆಲ್ ಹಳೆಯ ಕಾಂಪ್ಯಾಕ್ಟ್‌ನಲ್ಲಿ 4000 ಪಿಕ್ಸೆಲ್, ಅಂದರೆ ಮಿಲಿಮೀಟರಿಗೆ ಎರಡೂವರೆಗಿಂತ ಸ್ವಲ್ಪ ಹೆಚ್ಚು. 3 ಮಿಲಿಮೀಟರ್ ಅಗಲದ ಗೀಟು ಒಂದರಲ್ಲಿ 12 ಪಿಕ್ಸೆಲ್, ಇನ್ನೊಂದರಲ್ಲಿ 8. ಎರಡರಲ್ಲೂ ಅಕ್ಷರ ಓದಬಹುದು. ಸಾಲದು ಅನ್ನಿಸಿದರೆ ಕಲ್ಲನ್ನು ಎರಡು ಭಾಗವಾಗಿ ತೆಗೆಯಿರಿ, ಕಾಂಪ್ಯಾಕ್ಟೂ ಹೆಚ್ಚುಕಮ್ಮಿ ಸಮಕ್ಕೆ ಬರುತ್ತೆ. ಪಿಕ್ಸೆಲ್ ಜಗಳ ಇಲ್ಲಿಗೆ ಮುಗಿಯಿತು.

ನಿಜವಾದ ವ್ಯತ್ಯಾಸ ಸೆನ್ಸರ್‌ನಲ್ಲಿದೆ, ಮತ್ತು ಅದಕ್ಕಿಂತ ಹೆಚ್ಚಾಗಿ ಕ್ಯಾಮೆರಾ ಒಳಗೆ ಚಿತ್ರವನ್ನು ಏನು ಮಾಡುತ್ತೆ ಅನ್ನೋದರಲ್ಲಿದೆ. ಕ್ಯಾನನ್‌ನ ಆರಂಭಿಕರ ಡಿಎಸ್‌ಎಲ್‌ಆರ್ ಸೆನ್ಸರ್ ಸುಮಾರು 22.3 × 14.9 ಮಿಲಿಮೀಟರ್. ಸಾಧಾರಣ ಕಾಂಪ್ಯಾಕ್ಟ್‌ನದು ಸುಮಾರು 6.2 × 4.6. ವಿಸ್ತೀರ್ಣದಲ್ಲಿ ಹನ್ನೆರಡು ಪಟ್ಟಿನಷ್ಟು ವ್ಯತ್ಯಾಸ. ಚಿಕ್ಕ ಸೆನ್ಸರ್ ಬೆಳಕು ಕಡಿಮೆಯಾದರೆ ಕಾಳುಕಾಳಾಗುತ್ತೆ. ಅದನ್ನು ಮರೆಮಾಚಲು ಕ್ಯಾಮೆರಾ ಜೆಪೆಗ್ ಮಾಡುವಾಗ ಚಿತ್ರವನ್ನು ಉಜ್ಜಿ ನಯ ಮಾಡುತ್ತೆ. ಬೆಣಚುಕಲ್ಲಿನ ಕಣ ಯಾವುದು, ಸವೆದುಹೋದ ಅಕ್ಷರದ ಅಂಚು ಯಾವುದು ಅಂತ ಅದಕ್ಕೆ ಗೊತ್ತಾಗೋದಿಲ್ಲ, ಎರಡನ್ನೂ ಒರೆಸಿಬಿಡುತ್ತೆ. ಆಮೇಲೆ ಮತ್ತೆ ಅಂಚುಗಳನ್ನು ಚೂಪು ಮಾಡಲು ಹೋಗಿ ಇಲ್ಲದ ಗೀಟು ಹುಟ್ಟಿಸುತ್ತೆ. ಕಲ್ಲಿನ ಸಹಜ ಗುಂಡಿಯೊಂದು ಅನುಸ್ವಾರದ ಸೊನ್ನೆಯ ಹಾಗೆ ಕಾಣುವುದು ಹೀಗೆಯೇ. ಫೋನುಗಳು ಇನ್ನೂ ಒಂದು ಹೆಜ್ಜೆ ಮುಂದೆ: ನೆರಳನ್ನೆಲ್ಲ ತಾವಾಗಿಯೇ ಬೆಳಗಿಸಿ ಚಿತ್ರ ಚೆಂದ ಮಾಡ್ತವೆ. ನಮಗೆ ಬೇಕಾದದ್ದೇ ಆ ನೆರಳು!

ಆದ್ದರಿಂದ ಯಾವುದೇ ಕ್ಯಾಮೆರಾ ಕೊಳ್ಳುವಾಗಲೂ ಮೊದಲು ಕೇಳಬೇಕಾದ್ದು, ರಾ ಫೈಲ್ ಕೊಡುತ್ತಾ, ಕೈಯಾರೆ ಎಕ್ಸ್‌ಪೋಶರ್ ಹೊಂದಿಸಬಹುದಾ, ಕೆಳಗೆ ಟ್ರೈಪಾಡ್ ತಿರುಪು ಇದೆಯಾ ಅಂತ. ಆರಂಭಿಕರ ಡಿಎಸ್‌ಎಲ್‌ಆರ್ ಯಾವುದಾದರೂ ಈ ಮೂರನ್ನೂ ಕೊಡುತ್ತೆ. ಕಾಂಪ್ಯಾಕ್ಟ್‌ಗಳಲ್ಲಿ ಕೆಲವು ಮಾತ್ರ. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100 ಅಂಥದ್ದು. ಒಂದು ಇಂಚು ಅನ್ನುವ ಸೆನ್ಸರ್, ಅಂದರೆ 13.2 × 8.8 ಮಿಲಿಮೀಟರ್, ಜೇಬಿಗೂ ಹಿಡಿಯುತ್ತೆ. ಟ್ರೈಪಾಡ್ ಒಂದಿದ್ದರೆ ಗುಡಿಯ ಕತ್ತಲ ನವರಂಗದಲ್ಲಿ ಕೂಡ ಐಎಸ್‌ಒ 100ರಲ್ಲಿಟ್ಟು ನಾಲ್ಕೈದು ಸೆಕೆಂಡ್ ಎಕ್ಸ್‌ಪೋಶರ್ ಕೊಡಬಹುದು. ಮದುವೆ ಫೋಟೋ ತೆಗೆಯುವವರಿಗೆ ಇಲ್ಲದ ಭಾಗ್ಯ ನಮಗಿದೆ: ಕಲ್ಲು ಅಲುಗಾಡುವುದಿಲ್ಲ. ಒಂದು ತಕರಾರು ಮಾತ್ರ ಇದೆ. ಪುರಾತತ್ವ ಸರ್ವೇಕ್ಷಣೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು. ಅಂಥ ಕಡೆ ಚಿಕ್ಕ ಕ್ಯಾಮೆರಾವನ್ನು ಚೀಲದ ಮೇಲೋ ಜಗತಿಯ ಅಂಚಿನಲ್ಲೋ ಇಟ್ಟು, ಸೆಲ್ಫ್ ಟೈಮರ್ ಹಾಕಿ ತೆಗೆದರೆ ಕೆಲಸ ಆಗುತ್ತೆ.

ಬೆಳಕಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು, ಯಾಕಂದ್ರೆ ಕ್ಯಾಮೆರಾಗಿಂತ ಅದೇ ಮುಖ್ಯ. ಎರಡು ಮಿಲಿಮೀಟರ್ ಆಳದ ಅಕ್ಷರಕ್ಕೆ 45 ಡಿಗ್ರಿಯಲ್ಲಿ ಬೆಳಕು ಬಿದ್ದರೆ ಎರಡು ಮಿಲಿಮೀಟರ್ ನೆರಳು. ಅದೇ ಬೆಳಕು ಕಲ್ಲಿನ ಮೈಗೆ ಒರಗಿ 15 ಡಿಗ್ರಿಯಲ್ಲಿ ಬಂದರೆ ನೆರಳು ಏಳೂವರೆ ಮಿಲಿಮೀಟರ್ ಚಾಚುತ್ತೆ, ಗೀಟು ಪೂರ್ತಿ ಕಪ್ಪಾಗುತ್ತೆ. ಸವೆದು ಅರ್ಧ ಮಿಲಿಮೀಟರ್ ಉಳಿದ ಅಕ್ಷರ ಕೂಡ 10 ಡಿಗ್ರಿ ಬೆಳಕಲ್ಲಿ ಎದ್ದು ನಿಲ್ಲುತ್ತೆ. ಹಾಗಾಗಿ ಕ್ಯಾಮೆರಾದ ಮೈಮೇಲಿರುವ ಫ್ಲ್ಯಾಶ್, ಅದು ಡಿಎಸ್‌ಎಲ್‌ಆರ್‌ನದಾಗಲಿ ಕಾಂಪ್ಯಾಕ್ಟ್‌ನದಾಗಲಿ, ಶಾಸನಕ್ಕೆ ಶುದ್ಧ ದಂಡ. ನೇರ ಎದುರಿನಿಂದ ಹೊಡೆದು ಇದ್ದ ನೆರಳನ್ನೂ ಕೊಲ್ಲುತ್ತೆ. ಐಹೊಳೆ ಮೇಗುತಿಯಲ್ಲಿ ರವಿಕೀರ್ತಿಯ 634ರ ಶಾಸನ ಇರುವುದು ಪೂರ್ವದ ಗೋಡೆಯಲ್ಲಿ. ಸೂರ್ಯ ಎದುರಿಗೆ ನಿಂತಾಗ ಹೋದರೆ ಅಕ್ಷರ ಚಪ್ಪಟೆ. ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವ ಹೊತ್ತಿಗಾಗಿ ಕಾಯಬೇಕು. ಕಾಯಲು ಆಗದಿದ್ದರೆ ಒಂದು ಟಾರ್ಚ್, ನೆರಳು ಮಾಡಲು ಒಂದು ಕಪ್ಪು ಕೊಡೆ. ಬಿಸಿಲಿದ್ದರೆ ಪಕ್ಕದಿಂದ ಬೆಳಕು ತಿರುಗಿಸಲು ಒಂದು ಕನ್ನಡಿ. ಇಷ್ಟಕ್ಕೆ ಖರ್ಚು ಮಾಡದೆ ಬರೀ ಕ್ಯಾಮೆರಾಕ್ಕೆ ಸುರಿಯುವುದು ವ್ಯರ್ಥ ಅಂತ ನನ್ನ ಖಚಿತ ಅಭಿಪ್ರಾಯ. ಅಕ್ಷರಕ್ಕೆ ಸೀಮೆಸುಣ್ಣ, ಮೈದಾ, ಬಣ್ಣ ತುಂಬುವ ರೂಢಿ ಇನ್ನೂ ಕೆಲವರಲ್ಲಿದೆ. ದಯವಿಟ್ಟು ಬಿಡಿ. ಅದು ಮತ್ತೆ ಹಳೆಯ ಕೈನಕಲಿಗೇ ಹೋದ ಹಾಗೆ: ನೀವು ಓದಿದ್ದನ್ನು ಕಲ್ಲಿನ ಮೇಲೆ ಬರೆದು ಅದರ ಫೋಟೋ ತೆಗೆದಂತೆ.

ಟಾರ್ಚ್ ಬದಲು ಕ್ಯಾಮೆರಾದಿಂದ ದೂರದಲ್ಲಿಟ್ಟ ಫ್ಲ್ಯಾಶ್ ಬಳಸುವವರು ಒಂದನ್ನು ಗಮನಿಸಬೇಕು. ಕ್ಯಾನನ್ 200ಡಿ ಮಾರ್ಕ್ 2 ಥರದ ಮಾದರಿಗಳಲ್ಲಿ ಫ್ಲ್ಯಾಶ್ ಕೂರಿಸುವ ಜಾಗದ ನಡುವಿನ ಪಿನ್ ತೆಗೆದುಬಿಟ್ಟಿದ್ದಾರೆ, ಅಗ್ಗದ ಟ್ರಿಗರ್‌ಗಳು ಅದರಲ್ಲಿ ಕೆಲಸ ಮಾಡೋದಿಲ್ಲ. ಬಹಳಷ್ಟು ಕಾಂಪ್ಯಾಕ್ಟ್‌ಗಳಲ್ಲಿ ಆ ಜಾಗವೇ ಇಲ್ಲ.

ಡಿಎಸ್‌ಎಲ್‌ಆರ್ ನಿಜಕ್ಕೂ ಗೆಲ್ಲುವ ಜಾಗಗಳಿವೆ. ಬಾದಾಮಿಯ ಉತ್ತರದ ಬೆಟ್ಟದಲ್ಲಿ ಒಂದನೇ ಪುಲಕೇಶಿಯ ಶಕ 465ರ ಶಾಸನ ಎತ್ತರದ ಬಂಡೆಯ ಮೇಲಿದೆ, ಅಲ್ಲಿ ಉದ್ದ ಲೆನ್ಸ್ ಇಲ್ಲದೆ ಆಗದು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಕೆಲವಕ್ಕೆ ಗಾಜು ಹೊದಿಸಿದ್ದಾರೆ, ಪ್ರತಿಫಲನ ತಗ್ಗಿಸಲು ಪೋಲರೈಸರ್ ಬೇಕು. ಅದನ್ನು ಸಿಕ್ಕಿಸುವ ತಿರುಪು ಕಾಂಪ್ಯಾಕ್ಟ್‌ನಲ್ಲಿ ಸಾಮಾನ್ಯವಾಗಿ ಇರೋದಿಲ್ಲ. ಇನ್ನು ಆರ್‌ಟಿಐ. ಮಾಹಿತಿ ಹಕ್ಕು ಅಲ್ಲ, 2001ರಲ್ಲಿ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ರೂಪಿಸಿದ ವಿಧಾನದಿಂದ ಬೆಳೆದ ತಂತ್ರ. ಕ್ಯಾಮೆರಾ ಅಲುಗದೆ ನಿಂತಿರುತ್ತೆ, ಬೆಳಕನ್ನು ಸುತ್ತಲೂ ಸರಿಸುತ್ತ ನಲವತ್ತು ಐವತ್ತು ಚಿತ್ರ ತೆಗೀತಾರೆ, ಪಕ್ಕದಲ್ಲಿಟ್ಟ ಹೊಳೆಯುವ ಕಪ್ಪು ಗುಂಡು ಬೆಳಕಿನ ದಿಕ್ಕನ್ನು ಹೇಳುತ್ತೆ. ಆಮೇಲೆ ಕಂಪ್ಯೂಟರ್‌ನಲ್ಲಿ ಬೇಕಾದ ಕಡೆಯಿಂದ ಬೆಳಕು ಹಾಯಿಸಿ ಓದಬಹುದು. ಇದಕ್ಕೆ ಕ್ಯಾಮೆರಾ ಮುಟ್ಟದೆ ಕ್ಲಿಕ್ ಮಾಡುವ ರಿಮೋಟ್, ಬದಲಾಗದ ಫೋಕಸ್ ಬೇಕು. ಮೂರು ಆಯಾಮದ ಮಾದರಿ ಮಾಡುವವರಿಗೂ ಅಷ್ಟೇ: ಕಾಂಪ್ಯಾಕ್ಟ್ ಆಫ್ ಆದೊಡನೆ ಲೆನ್ಸ್ ಒಳಗೆ ಸರಿದು ಜೂಮ್ ಬದಲಾಗುತ್ತೆ, ಡಿಎಸ್‌ಎಲ್‌ಆರ್‌ನ 18-55 ಲೆನ್ಸನ್ನು ಒಂದೇ ಜಾಗದಲ್ಲಿ ಟೇಪ್ ಹಾಕಿ ನಿಲ್ಲಿಸಬಹುದು. ತಾಳಗುಂದದ ಕಂಬಶಾಸನವನ್ನು ನೆನೆಸಿಕೊಳ್ಳಿ. ಎಂಟು ಮುಖ, ಸಾಲುಗಳು ಕಂಬದ ಉದ್ದಕ್ಕೆ ನಿಂತಿವೆ. ಪ್ರತಿ ಮುಖಕ್ಕೂ ಬೇರೆ ಬೆಳಕು, ಪ್ರತಿ ಮುಖಕ್ಕೂ ಹಲವು ಚಿತ್ರ. ಕುಬ್ಜ ಕವಿಯ ಕಾವ್ಯವನ್ನು ಒಂದೇ ಕ್ಲಿಕ್ಕಿನಲ್ಲಿ ಹಿಡಿಯೋಕಾಗಲ್ಲ.

ಆದರೆ ಕಾಂಪ್ಯಾಕ್ಟ್‌ಗೂ ಅದರದೇ ಬಲ ಇದೆ. ಚಿಕ್ಕ ಸೆನ್ಸರ್‌ನಿಂದಾಗಿ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗಿ ಬರುತ್ತೆ. ವೀರಗಲ್ಲಿನ ಉಬ್ಬುಶಿಲ್ಪಗಳ ನಡುವಿನ ಪಟ್ಟಿಕೆಯಲ್ಲಿ ಬರೆದ ಸಾಲುಗಳಿಗೆ, ವಾಲಿಕೊಂಡು ನಿಂತ ಕಲ್ಲುಗಳಿಗೆ ಇದು ವರ. ಪೊದೆಯ ಒಳಗೆ ತೂರಬಹುದು, ಕೋಲಿನ ತುದಿಗೆ ಕಟ್ಟಿ ನೆಲಬಂಡೆಯ ಶಾಸನವನ್ನು ಮೇಲಿನಿಂದ ತೆಗೆಯಬಹುದು. ಮತ್ತೆ, ಊರಿನ ಹೊರಗಿನ ಹೊಲದಲ್ಲಿ ದೊಡ್ಡ ಕ್ಯಾಮೆರಾ, ಮುಕ್ಕಾಲಿ ಹೂಡಿ ನಿಂತರೆ ನಿಧಿ ಹುಡುಕೋರೋ, ಜಮೀನು ಸರ್ವೆಯವರೋ ಅಂತ ಜನ ಸೇರ್ತಾರೆ. "ಏನ್ ಸ್ವಾಮಿ, ಹೊನ್ನಿನ ಗುರುತಾ ಅದು?" ಅಂತ ಕೇಳುವ ಅಜ್ಜನಿಗೆ ಶಾಸನ ಓದಿ ಹೇಳುವುದು ಖುಷಿಯ ಕೆಲಸವೇ, ಆದರೆ ಅಷ್ಟರಲ್ಲಿ ಬಿಸಿಲು ಏರಿಬಿಟ್ಟಿರುತ್ತೆ.

ಹಾಗಾದರೆ ಯಾವುದು? ನಿಮ್ಮ ತಾಲ್ಲೂಕಿನ ಎಪಿಗ್ರಾಫಿಯಾ ಸಂಪುಟ ಹಿಡಿದುಕೊಂಡು, ಯಾವ ಕಲ್ಲು ಉಳಿದಿದೆ, ಯಾವುದು ಹೋಗಿದೆ ಅಂತ ಬೈಕಿನಲ್ಲಿ ಸುತ್ತುವ ಕೆಲಸವಾದರೆ ರಾ ಫೈಲ್ ಕೊಡುವ ಕಾಂಪ್ಯಾಕ್ಟ್ ಸಾಕು, ಅದೇ ಸರಿ. ಗುರುತು ಸಿಕ್ಕ ಕಲ್ಲಿನ ಹತ್ತಿರ ಕೂತು ಪಾಠ ಪರಿಷ್ಕರಣೆ ಮಾಡುವವರಿಗೆ ಸೆಕೆಂಡ್ ಹ್ಯಾಂಡ್ ಆರಂಭಿಕರ ಡಿಎಸ್‌ಎಲ್‌ಆರ್. ಮಿರರ್‌ಲೆಸ್ ಬಂದ ಮೇಲೆ ಇವು ಅಗ್ಗವಾಗಿ ಸಿಗ್ತಿವೆ, ಕಲ್ಲಿಗೆ ಹೊಸ ಮಾದರಿಯ ಹಂಗಿಲ್ಲ. ಒಂದನ್ನೇ ಕೊಳ್ಳಬೇಕು ಅಂದರೆ ನಾನು ಎರಡನೆಯದನ್ನೇ ಹೇಳ್ತೇನೆ. ಕಳೆದುಹೋಗಲಿರುವ ಕಲ್ಲಿನ ಹತ್ತಿರ ಎರಡನೇ ಸಲ ಹೋಗುವ ಅವಕಾಶ ಸಿಗುತ್ತೆ ಅಂತ ನಂಬಿ ಕೂರುವ ಹಾಗಿಲ್ಲ.

ಸರಿಯಾದ ಓದು ಎಷ್ಟು ಸಣ್ಣದರ ಮೇಲೆ ನಿಂತಿರುತ್ತೆ ಅನ್ನೋದಕ್ಕೆ ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯ ವರ್ಷವನ್ನೇ ತೆಗೆದುಕೊಳ್ಳಿ: ಶಕ 1039, ಹೇಮಲಂಬಿ ಸಂವತ್ಸರ, ಅಂದರೆ 1117. ಕೊನೆಯ ಅಂಕಿಯನ್ನು ಯಾರಾದರೂ 6 ಅಂತ ಓದಿದರು ಅನ್ನೋಣ. ಆಗ ಸಂವತ್ಸರ ಜಯ ಆಗಬೇಕು, ಹೊಂದುವುದಿಲ್ಲ, ತಪ್ಪು ತಕ್ಷಣ ಸಿಕ್ಕಿಬೀಳುತ್ತೆ. ಸಂವತ್ಸರದ ಹೆಸರು ಅಳಿಸಿಹೋಗಿ ಅಂಕಿ ಮಾತ್ರ ಉಳಿದ ಹಳ್ಳಿಯ ಕಲ್ಲಿಗೆ ಈ ಕಾವಲು ಇಲ್ಲ. ಅಲ್ಲಿ ಆ ಒಂದು ಅಂಕಿಯನ್ನು ನಾಲ್ಕು ಕಡೆಯ ಬೆಳಕಿನಲ್ಲಿ ಹತ್ತಿರದಿಂದ ತೆಗೆದ ನಾಲ್ಕು ಚಿತ್ರಗಳೇ ಆಧಾರ.

ಹೋದಾಗ ಇಡೀ ಕಲ್ಲಿನದೊಂದು, ಸುತ್ತಲಿನ ಜಾಗದ್ದೊಂದು ಚಿತ್ರ ಮೊದಲು ತೆಗೆಯಿರಿ, ಆಮೇಲೆ ಸಾಲುಗಳಿಗೆ ಇಳಿಯಿರಿ. ಅಳತೆಪಟ್ಟಿಯನ್ನು ಅಕ್ಷರಗಳಿರುವ ಮಟ್ಟದಲ್ಲೇ ಇಡಿ, ನೆಲದ ಮೇಲಲ್ಲ. ಫೈಲಿಗೆ ಡಿಎಸ್‌ಸಿ ನಂಬರ್ ಬಿಡದೆ ಊರು, ದಿನಾಂಕ, ಬೆಳಕಿನ ದಿಕ್ಕು, ಜೊತೆಗೆ ಸಂಪುಟದಲ್ಲಿ ಆ ಶಾಸನಕ್ಕಿರುವ ಸಂಖ್ಯೆ, ಅಂದರೆ ತಾಳಗುಂದಕ್ಕೆ ಶಿಕಾರಿಪುರ 176 ಇದ್ದ ಹಾಗೆ, ಅಂದೇ ಸಂಜೆ ಬರೆದಿಡಿ. ರಾ ಫೈಲ್ ಅಳಿಸಬೇಡಿ, ಮತ್ತು ಒಂದು ಪ್ರತಿಯನ್ನು ನಿಮ್ಮ ಮನೆಯ ಹಾರ್ಡ್ ಡಿಸ್ಕಿನಿಂದ ಬೇರೆ ಕಡೆ ಇಡಿ.