ಕಿವಿಯ ದಾರಿಯಲ್ಲಿ ಬಂದ ವಿಚಾರಗಳು: ಮಂಡ್ಯ ಸೀಮೆಯ ಒಂದು ಸಮೀಕ್ಷೆ

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅದರ ಹಿಂದೆ ಮುಂದೆ ಈ ಜಿಲ್ಲೆಯ ಬಗ್ಗೆ ಬಂದ ಬರಹಗಳನ್ನೂ ಆಡಿದ ಮಾತುಗಳನ್ನೂ ಗಮನಿಸಿದವರಿಗೆ ಸಿಕ್ಕಿದ್ದು ಒಂದೇ ಚಿತ್ರ: ಕನ್ನಂಬಾಡಿ ಕಟ್ಟಿದರು, ನೀರು ಬಂತು, ಕಬ್ಬು ಬಂತು, ದುಡ್ಡು ಬಂತು, ದುಡ್ಡಿನ ಹಿಂದೆ ರಾಜಕಾರಣ ಮತ್ತು ಸಿನಿಮಾ ಬಂದವು. ಊಟದ ಪಂಕ್ತಿಯಲ್ಲಿ ಬಾಡೂಟವೂ ಇರಲಿ ಎಂಬ ಒತ್ತಾಯ ಎದ್ದಾಗಲಂತೂ ಅದನ್ನು ಬಾಯಿಚಪಲವೆಂದು ತಳ್ಳಿಹಾಕಿದವರೇ ಹೆಚ್ಚು. ಯಾರ ಅಡುಗೆ ಸಾರ್ವಜನಿಕ ಅಡುಗೆ, ಯಾರದು ಮನೆಯೊಳಗೇ ಇರಬೇಕಾದ ಅಡುಗೆ ಎಂಬ ಪ್ರಶ್ನೆ ಅದರಲ್ಲಿತ್ತು. ಆ ಪ್ರಶ್ನೆ ಕೇಳುವ ಧೈರ್ಯ ಒಂದು ಜನಸಮುದಾಯಕ್ಕೆ ರಾತ್ರೋರಾತ್ರಿ ಬರುವುದಿಲ್ಲ. ಅದು ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಬಂತು ಎಂದು ಹುಡುಕುವ ಕೆಲಸ ನಮ್ಮಲ್ಲಿ ನಡೆದೇ ಇಲ್ಲ ಎನ್ನುವಷ್ಟು ಕಡಿಮೆ.

ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ವಿಚಾರಗಳು ಪುಸ್ತಕದ ಅಂಗಡಿಯಿಂದ ಬಂದದ್ದು ಕಡಿಮೆ. ತಂಬೂರಿಯವರಿಂದ, ನಾಟಕದ ಮೇಷ್ಟ್ರಿಂದ, ಹಾಸ್ಟೆಲಿನ ಹಿರಿಯ ಹುಡುಗರಿಂದ, ಸಂಘದ ಶಿಬಿರದಿಂದ, ಯಾರೋ ಒಬ್ಬ ಗಟ್ಟಿಯಾಗಿ ಓದಿ ನಾಲ್ಕು ಜನ ಕೇಳುವ ವಾರಪತ್ರಿಕೆಯಿಂದ ಬಂದವು. ಅಚ್ಚಾದ ಪುಸ್ತಕಗಳ ಪಟ್ಟಿ ಹಿಡಿದು ಇಲ್ಲಿಯ ವೈಚಾರಿಕ ಚರಿತ್ರೆ ಬರೆಯಲು ಹೊರಟವರಿಗೆ ಈ ಸೀಮೆ ಬರಿದಾಗಿ ಕಾಣುವುದು ಅದಕ್ಕೇ.

ಮೊದಲ ಹೆಸರು ಮಂಟೇಸ್ವಾಮಿಯದೇ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಠ ಇಂದಿಗೂ ಆ ಪರಂಪರೆಯ ಮುಖ್ಯ ನೆಲೆ. ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ ಹಿಡಿದು ರಾತ್ರಿಯಿಡೀ ಹಾಡುವ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗಿ ಶರಣರನ್ನೇ ಪರೀಕ್ಷೆಗೆ ಒಡ್ಡುತ್ತಾನೆ. ದೊಡ್ಡ ತತ್ವ ಹೇಳುವವರು ಹೊಲಸಿನ ಮುಂದೆ, ನಾತದ ಮುಂದೆ, ಕೀಳೆಂದು ಕರೆಸಿಕೊಂಡವನ ಮುಂದೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದೇ ಅಲ್ಲಿಯ ಪರೀಕ್ಷೆ. ಅವನ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋಗುವುದು ಇದೇ ಮಳವಳ್ಳಿ ತಾಲ್ಲೂಕಿನ ಹಲಗೂರಿನ ಪಾಂಚಾಳರ ಬಳಿಗೆ. ಮಳವಳ್ಳಿ ಮಹದೇವಸ್ವಾಮಿಯವರ ದನಿ ಕ್ಯಾಸೆಟ್ಟಿನಲ್ಲಿ ಬಂದ ಮೇಲೆ ಇಂಥ ಹಾಡುಗಳು ಮಠದ ಜಾತ್ರೆಯನ್ನು ದಾಟಿ ಟ್ರ್ಯಾಕ್ಟರಿನ ಟೇಪ್‌ರೆಕಾರ್ಡರಿಗೂ ಬಂದವು. ಇದನ್ನು 'ಜಾನಪದ' ಎಂಬ ಕಪಾಟಿನಲ್ಲಿಟ್ಟು ಬೀಗ ಹಾಕಿರುವುದು ವಿದ್ವಾಂಸರ ತಪ್ಪು. ಜಾತಿಯ ಬಗ್ಗೆ ಈ ನೆಲ ನಡೆಸಿದ ಮೊದಲ ಗಂಭೀರ ಚರ್ಚೆ ಅದು, ಮತ್ತು ಅದನ್ನು ಕೇಳಲು ಅಕ್ಷರ ಬೇಕಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಬಗ್ಗೆ ಹೇಳುವುದಕ್ಕೆ ಹೆಚ್ಚಿಲ್ಲ. ಇಪ್ಪತ್ತನೆಯದರ ಆರಂಭದಲ್ಲಿ, 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ತಂತಿ ಹಾದುಹೋದ ಹಳ್ಳಿಗಳಲ್ಲಿ ಸೀಮೆಎಣ್ಣೆ ಬುಡ್ಡಿ ಬಹುಕಾಲ ಉಳಿಯಿತು. ಕನ್ನಂಬಾಡಿಯ ಕೆಲಸ 1911ರಲ್ಲಿ ಶುರುವಾಯಿತು, ಮೂವತ್ತರ ದಶಕದ ಆರಂಭಕ್ಕೆ ನಾಲೆ ಹರಿಯಿತು. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿಗೆ ಅಡಿಗಲ್ಲಾದರು. 1939ರಲ್ಲಿ ಜಿಲ್ಲೆಯಾಯಿತು. ಇವೆಲ್ಲ ದೊಡ್ಡ ಘಟನೆಗಳೇ, ಇವನ್ನು ಕಡಿಮೆ ಮಾಡಿ ಹೇಳಬೇಕಾದ್ದಿಲ್ಲ. ಆದರೆ ನೀರು ಗದ್ದೆಯನ್ನು ಬದಲಿಸಿತು. ಪಡಸಾಲೆಯಲ್ಲಿ ಯಾರು ಕೂರಬಹುದು, ಯಾರು ನಿಲ್ಲಬೇಕು ಎಂಬುದನ್ನು ಬದಲಿಸಲಿಲ್ಲ.

ಅದನ್ನು ಅಲುಗಿಸಲು ಶುರುಮಾಡಿದ್ದು ಶಿವಪುರ. 1938ರ ಏಪ್ರಿಲಿನಲ್ಲಿ ಮದ್ದೂರಿನ ಪಕ್ಕ, ಶಿಂಷಾ ನದಿಯ ಬಳಿ, ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿತು. ನಿಷೇಧಾಜ್ಞೆಯನ್ನು ಮೀರಿ ಧ್ವಜ ಹಾರಿಸಲಾಯಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಇದು ಎಲ್ಲರೂ ಬಲ್ಲ ಕಥೆ. ಶಿವಪುರದ ಅಧಿವೇಶನದ ಹಿಂದೆ ನಿಂತ ಎಚ್.ಕೆ. ವೀರಣ್ಣಗೌಡರು 'ಚಿತ್ರಗುಪ್ತ' ಪತ್ರಿಕೆಯ ಸಂಪಾದಕರೂ ಆಗಿದ್ದರು ಎಂಬುದನ್ನು ಮಾತ್ರ ಯಾರೂ ಒತ್ತಿ ಹೇಳುವುದಿಲ್ಲ. ಒಕ್ಕಲು ಮನೆಯ ಹುಡುಗನೊಬ್ಬ ಪತ್ರಿಕೆ ನಡೆಸಬಹುದು, ಸರ್ಕಾರಕ್ಕೆ ಎದುರು ಬರೆಯಬಹುದು ಎಂಬುದು ಆ ಕಾಲಕ್ಕೆ ಧ್ವಜದಷ್ಟೇ ಹೊಸ ಸಂಗತಿ.

ಜಿಲ್ಲೆಯ ಉತ್ತರದ ತಾಲ್ಲೂಕುಗಳಿಂದ ದೊಡ್ಡ ಸಾಹಿತಿಗಳು ಬಂದರು. ಬೆಳ್ಳೂರಿನ ಮನೆತನದ ಬಿಎಂಶ್ರೀ, ಮೇಲುಕೋಟೆಯ ಪುತಿನ, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು, ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ. ಇವರಲ್ಲಿ ಹೆಚ್ಚಿನವರು ಮೈಸೂರು, ಬೆಂಗಳೂರು ಸೇರಿದರು. ಆದರೂ 1942ರ 'ಮೈಸೂರು ಮಲ್ಲಿಗೆ' ಇಲ್ಲಿಯ ಮನೆಗಳಿಗೆ ಮರಳಿ ಬಂದದ್ದು ಬೇರೆ ರೀತಿ. ಮದುವೆಯ ಉಡುಗೊರೆಯಾಗಿ ಕೊಡುತ್ತಿದ್ದ ಕವನ ಸಂಕಲನ ಅದು. ಗಂಡ ಹೆಂಡತಿಯ ಹೆಸರು ಹಿಡಿದು ಪ್ರೀತಿಯಿಂದ ಕರೆಯಬಹುದು, ಹೆಂಡತಿಯ ತವರನ್ನು ಹೊಗಳುವುದು ಗಂಡಸಿಗೆ ಕಡಿಮೆಯಲ್ಲ ಎಂಬುದನ್ನು ಒಂದು ಪೀಳಿಗೆ ಅದರಿಂದ ಕಲಿಯಿತು. ನವ್ಯದ ವಿಮರ್ಶಕರು ಅದನ್ನು ಹಗುರ ಕಾವ್ಯವೆಂದರು. ಸಂಸಾರದ ಒಳಗಿನ ನಡವಳಿಕೆಯನ್ನು ಅಷ್ಟು ಮಟ್ಟಿಗೆ ಬದಲಿಸಿದ ಇನ್ನೊಂದು ಕನ್ನಡ ಕವನ ಸಂಕಲನ ನನಗೆ ಗೊತ್ತಿಲ್ಲ.

ಸ್ವಾತಂತ್ರ್ಯದ ನಂತರದ ಎರಡು ದಶಕಗಳು ಶಾಲೆ, ಕಾಲೇಜು ಕಟ್ಟಿದವರ ಕಾಲ. ಕೆ.ವಿ. ಶಂಕರಗೌಡರು 1962ರಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ತೆರೆದರು. ಅವರು ರಂಗಭೂಮಿಯ ಹುಚ್ಚು ಹತ್ತಿಸಿಕೊಂಡವರೂ ಹೌದು. ಜಿ. ಮಾದೇಗೌಡರು ಭಾರತೀನಗರದಲ್ಲಿ ವಿದ್ಯಾಸಂಸ್ಥೆ ಬೆಳೆಸಿದರು, ಕಾವೇರಿಗಾಗಿ ಕೊನೆಯವರೆಗೂ ಬೀದಿಗಿಳಿದರು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ 1968ರ ಲೋಕಸಭಾ ಉಪಚುನಾವಣೆಯಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಗೆದ್ದರು. ಮುಂದೆ ಅವರು ಹಿಡಿದ ದಾರಿ ಬೇರೆ. ಆದರೆ ಸಮಾಜವಾದ ಎಂಬ ಮಾತು ಹಳ್ಳಿಯ ಅರಳಿಕಟ್ಟೆಗೆ ಬಂದದ್ದು ಆ ಚುನಾವಣೆಗಳ ಭಾಷಣದಲ್ಲೇ. ಇದೇ ಅವಧಿಯಲ್ಲಿ ಊರೂರಲ್ಲಿ ಕುರುಕ್ಷೇತ್ರ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರುಗಳಿದ್ದರು. ಓದು ಬಾರದ ರೈತ ಕೃಷ್ಣನ ಪಾತ್ರಕ್ಕೆ ಪುಟಗಟ್ಟಲೆ ಮಾತು ಬಾಯಿಪಾಠ ಮಾಡುತ್ತಿದ್ದ. ಸಭೆಯ ಮುಂದೆ ನಿಂತು ತಡವರಿಸದೆ ಮಾತಾಡುವ ಅಭ್ಯಾಸ ಈ ಸೀಮೆಗೆ ಸಿಕ್ಕಿದ್ದು ಆ ರಂಗದ ಮೇಲೆ. ಮುಂದೆ ರೈತಸಂಘದ ವೇದಿಕೆಯಲ್ಲಿ ಅದು ಫಲ ಕೊಟ್ಟಿತು.

ಈಗ ನಮ್ಮ ಪೀಳಿಗೆಯ ಕಾಲಕ್ಕೆ ಬರುತ್ತೇನೆ. 1974 ಒಂದು ಗಡಿ. ಆ ವರ್ಷ ಮಂಡ್ಯದಲ್ಲಿ ನಡೆದ 48ನೆಯ ಸಾಹಿತ್ಯ ಸಮ್ಮೇಳನಕ್ಕೆ ಜಯದೇವಿತಾಯಿ ಲಿಗಾಡೆ ಅಧ್ಯಕ್ಷರಾಗಿದ್ದರು. ಸಾಹಿತ್ಯ ಪರಿಷತ್ತಿನ ಚರಿತ್ರೆಯಲ್ಲಿ ಆ ಪೀಠಕ್ಕೆ ಬಂದ ಮೊದಲ ಹೆಣ್ಣು ಅವರು. ಕುವೆಂಪು ವಿಚಾರಕ್ರಾಂತಿಗೆ ಕರೆ ಕೊಟ್ಟ ಕಾಲವೂ ಅದೇ. ಮೈಸೂರಿನ ಹಾಸ್ಟೆಲುಗಳಲ್ಲಿ ಓದುತ್ತಿದ್ದ ಮಂಡ್ಯ, ಮದ್ದೂರು, ಮಳವಳ್ಳಿಯ ಹುಡುಗರು ಕುವೆಂಪು, ಲೋಹಿಯಾ, ಅಂಬೇಡ್ಕರ್ ಎಂಬ ಹೆಸರುಗಳನ್ನು ರಜೆಗೆ ಬಂದಾಗ ಮನೆಗೆ ತಂದರು. ಜಾತಕ ನೋಡುವುದು ಬೇಡ, ಪುರೋಹಿತರು ಬೇಡ, ವರದಕ್ಷಿಣೆ ಬೇಡ ಎಂದು ಅಪ್ಪಂದಿರ ಎದುರು ನಿಂತರು. ಅಪ್ಪಂದಿರ ಬಳಿ ಅದಕ್ಕೆ ಉತ್ತರವಿರಲಿಲ್ಲ, ಕೋಪ ಮಾತ್ರ ಇತ್ತು.

ಈ ಕಾಲದ ಬರಹಗಾರರಲ್ಲಿ ಬೆಸಗರಹಳ್ಳಿ ರಾಮಣ್ಣನವರಿಗೆ (1938–1998) ಸಲ್ಲಬೇಕಾದ ಜಾಗ ಇನ್ನೂ ಸಂದಿಲ್ಲ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯವರು, ವೃತ್ತಿಯಿಂದ ವೈದ್ಯರು. 'ನೆಲದ ಒಡಲು', 'ಗರ್ಜನೆ' ಸಂಕಲನಗಳ ಕಥೆಗಳಲ್ಲಿ ಮಂಡ್ಯದ ಮಾತು ತಮಾಷೆಗಾಗಿ ಬರುವುದಿಲ್ಲ, ನೋವು ಹೇಳುವುದಕ್ಕೆ ಬರುತ್ತದೆ. ಅವರ 'ಗಾಂಧಿ' ಕಥೆ ಪಠ್ಯವಾದ್ದರಿಂದ ಸಾವಿರಾರು ವಿದ್ಯಾರ್ಥಿಗಳು ಓದಿದ್ದಾರೆ. ಗಾಂಧಿ ಎಂಬ ಹೆಸರಿನ ಬಡವರ ಮಗುವನ್ನು ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿ ರಾಮಣ್ಣ ಸ್ವತಂತ್ರ ಭಾರತದ ಲೆಕ್ಕ ಕೇಳಿದರು. ನೀರಾವರಿ ಬಂದ ಮೇಲೂ ಬಡತನ ಬಿಡದ ಕುಟುಂಬಗಳು, ಸಾಲ, ಕಾಯಿಲೆ, ಜಾತಿಯ ಅವಮಾನ ಇವೆಲ್ಲ ವೈದ್ಯನಾಗಿ ಅವರು ಕಣ್ಣಾರೆ ಕಂಡ ಲೋಕ. ನವ್ಯ ಕಥೆಯ ಒಂಟಿ ನಾಯಕನ ಒಳತೋಟಿಯನ್ನೇ ಕಥೆಯ ಪರಮಾವಧಿ ಎಂದು ನಂಬಿದ್ದ ವಿಮರ್ಶೆಗೆ ಅವರು ಸರಳವಾಗಿ ಕಂಡರು. ಅವರ ಹೆಸರಿನ ಪ್ರತಿಷ್ಠಾನ ಕಥೆಗಾರರಿಗೆ ಪ್ರಶಸ್ತಿ ಕೊಡುತ್ತಿದೆ, ಸಂತೋಷ. ಅವರ ಕಥೆಗಳ ಬಗ್ಗೆ ಒಂದು ಒಳ್ಳೆಯ ವಿಮರ್ಶಾ ಪುಸ್ತಕಕ್ಕೆ ಇನ್ನೂ ಕಾಯುತ್ತಿದ್ದೇವೆ.

ಜೀಶಂಪ, ಎಚ್.ಎಲ್. ನಾಗೇಗೌಡರು ಇಬ್ಬರೂ ನಾಗಮಂಗಲ ತಾಲ್ಲೂಕಿನವರು. ಹಾಡು, ಕಥೆ ಹೇಳುವವರ ಬಾಯಿಂದ ಅವರು ಸಂಗ್ರಹಿಸಿದ್ದು ಅಪಾರ. 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ' ಇನ್ನೊಂದು ಬಗೆಯ ಕೆಲಸ ಮಾಡಿತು. ಬಿ. ಚಂದ್ರೇಗೌಡರ 'ಕಟ್ಟೆಪುರಾಣ'ದಲ್ಲಿ ಈ ಕಡೆಯ ಆಡುಮಾತು ಅಚ್ಚಾಗಿ ಬಂದದ್ದನ್ನು ಕಟಿಂಗ್ ಶಾಪಿನಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಎಚ್.ಎಲ್. ಕೇಶವಮೂರ್ತಿಯವರ ಹಾಸ್ಯ ಮೂಢನಂಬಿಕೆಯ ಬುಡವನ್ನೇ ಕೆದಕುತ್ತಿತ್ತು. ನಮ್ಮ ಭಾಷೆಯಲ್ಲೂ ವಿಚಾರ ಹೇಳಬಹುದು ಎಂಬ ನಂಬಿಕೆ ಬಂದದ್ದು ಇಲ್ಲಿಂದ.

ಇವೆಲ್ಲ ಒಟ್ಟುಗೂಡಿ ಬದುಕಿನ ರೂಢಿಯಾಗಿ ಇಳಿದದ್ದು ರೈತಸಂಘದಲ್ಲಿ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತಸಂಘವನ್ನು ಬರೀ ಬೆಲೆಗಾಗಿ ನಡೆದ ಚಳವಳಿ ಎಂದು ಓದುವುದು ಇತ್ತೀಚಿನ ಅಭ್ಯಾಸ. ಆ ಓದು ಅರ್ಧ ಸತ್ಯವೂ ಅಲ್ಲ. ಎಂ.ಡಿ. ನಂಜುಂಡಸ್ವಾಮಿಯವರು ಶಿಬಿರಗಳಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಗಾಂಧಿ, ಲೋಹಿಯಾರಿಂದ ಹಿಡಿದು ಡಂಕೆಲ್ ಪ್ರಸ್ತಾವದವರೆಗೆ. ಎರಡೆಕರೆ ಕಬ್ಬಿನ ರೈತ ಕೊನೆಯ ಸಾಲಿನಲ್ಲಿ ಕೂತು ಬಿತ್ತನೆ ಬೀಜದ ಪೇಟೆಂಟ್ ಅಂದರೇನು ಎಂದು ಕೇಳಿ ತಿಳಿದುಕೊಳ್ಳುತ್ತಿದ್ದ. ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ (1949–2018) ಅದನ್ನೇ ಈ ಸೀಮೆಯ ಗಾದೆ, ಹೋಲಿಕೆ, ನಗೆಯಲ್ಲಿ ಹೇಳಿದರು. ಅವರ ಭಾಷಣ ಕೇಳಲು ಬೇರೆ ಪಕ್ಷದವರೂ ಬರುತ್ತಿದ್ದರು. ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಎಂದು ಊರ ಬಾಗಿಲಲ್ಲಿ ಬೋರ್ಡು ನಿಂತವು. ಜಪ್ತಿಯಾದ ಸಾಮಾನನ್ನು ಮರುಜಪ್ತಿ ಮಾಡಿದರು. ತಲೆ ತಗ್ಗಿಸಿ ಕಚೇರಿಯ ಹೊರಗೆ ನಿಲ್ಲುತ್ತಿದ್ದವನು ಹೆಗಲ ಮೇಲೆ ಹಸಿರು ಟವೆಲ್ ಹಾಕಿಕೊಂಡು ಕುರ್ಚಿ ಎಳೆದು ಕೂತ.

ಇದರ ಜೊತೆಗೇ ಬಂದದ್ದು ಸರಳ ಮದುವೆ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯ 1966ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಮದುವೆಯಿಂದ ಆರಂಭವಾಗಿ, ಎಂಬತ್ತರ ದಶಕದಲ್ಲಿ ರೈತಸಂಘದ ಮೂಲಕ ಹಳ್ಳಿಗೆ ಬಂತು. ಪುರೋಹಿತರಿಲ್ಲ, ರಾಹುಕಾಲ ಗುಳಿಕಕಾಲ ಇಲ್ಲ. ಹೆಣ್ಣು ಗಂಡು ಪ್ರತಿಜ್ಞೆ ಓದುತ್ತಾರೆ, ನೆರೆದವರು ಸಾಕ್ಷಿ. ಜಮೀನು ಮಾರಿ ಮದುವೆ ಮಾಡುತ್ತಿದ್ದ ಕಡೆ ಅದು ಎಷ್ಟೋ ಮನೆಗಳನ್ನು ಸಾಲದಿಂದ ಉಳಿಸಿತು. ಕವಿಯೊಬ್ಬನ ಚಿಂತನೆ ಒಬ್ಬ ರೈತನ ಮಗಳ ಮದುವೆಯ ದಿನವನ್ನು ಬದಲಿಸಿದ್ದಕ್ಕೆ ಇದಕ್ಕಿಂತ ನೇರ ಉದಾಹರಣೆ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಇದರ ಬಗ್ಗೆ ಸಮಾಜಶಾಸ್ತ್ರದವರು ಬರೆದಿರುವುದು ಅತ್ಯಲ್ಪ.

ನಂತರದ ಕಾಲವನ್ನು ಬೇಗ ಹೇಳಿ ಮುಗಿಸಬಹುದು. ಸಂಘ ಒಡೆಯಿತು. 2015ರಲ್ಲಿ ರೈತರ ಆತ್ಮಹತ್ಯೆಯಲ್ಲಿ ರಾಜ್ಯದಲ್ಲೇ ಮಂಡ್ಯದ ಹೆಸರು ಮುಂದೆ ಬಂತು. ಸಂಘದ ಕಾಲದಲ್ಲಿ ಸಾಲ ಎಲ್ಲರ ಸಮಸ್ಯೆಯಾಗಿ ಬಯಲಿಗೆ ಬಂದಿತ್ತು, ಈಗ ಅದು ಒಬ್ಬೊಬ್ಬನ ಮಾನದ ಪ್ರಶ್ನೆಯಾಗಿ ಮನೆಯೊಳಗೆ ಹೋಯಿತು. ಮದುವೆಗಳು ಮತ್ತೆ ದೊಡ್ಡ ಕಲ್ಯಾಣಮಂಟಪಕ್ಕೆ ಮರಳಿದವು. ಹಾಗೆಂದು ಎಲ್ಲ ಬತ್ತಿಹೋಗಿಲ್ಲ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಸಯ್ಯದ್ ಘನಿಖಾನ್ ನೂರಾರು ಭತ್ತದ ತಳಿಗಳನ್ನು ಗದ್ದೆಯಲ್ಲೇ ಉಳಿಸಿಕೊಂಡು ಬಂದಿದ್ದಾರೆ. ಬೀಜ ರೈತನದು ಎಂಬ ತೊಂಬತ್ತರ ದಶಕದ ಮಾತು ಅಲ್ಲಿ ಪೈರಾಗಿ ನಿಂತಿದೆ.

ದೊಡ್ಡ ಕೊರತೆಗಳು ಎರಡು. 2024ರ ನವೆಂಬರಿನಲ್ಲಿ ಮಂಡ್ಯ ತಾಲ್ಲೂಕಿನ ಹನಕೆರೆಯ ದೇವಸ್ಥಾನಕ್ಕೆ ದಲಿತರು ಪ್ರವೇಶ ಮಾಡಿದಾಗ ಊರಿನ ಕೆಲವರು ಉತ್ಸವಮೂರ್ತಿಯನ್ನೇ ಹೊರಗೆ ಕೊಂಡೊಯ್ದರು. ಮಂಟೇಸ್ವಾಮಿಯ ಹಾಡು ಕೇಳಿ ಬೆಳೆದ ಸೀಮೆ ಇದು. ಅಧಿಕಾರಿಯ ಎದುರು ಕುರ್ಚಿ ಎಳೆದು ಕೂರಲು ಕಲಿಸಿದ ಚಳವಳಿ, ತನ್ನ ಜಗುಲಿಯ ಮೇಲೆ ಯಾರನ್ನು ಕೂರಿಸಬೇಕೆಂಬ ಮಾತನ್ನು ಅರ್ಧಕ್ಕೇ ಬಿಟ್ಟಿತು. ದಲಿತ ಸಂಘರ್ಷ ಸಮಿತಿಯ ಹುಡುಗರು ಅದೇ ವರ್ಷಗಳಲ್ಲಿ ಅದೇ ಹಳ್ಳಿಗಳಲ್ಲಿ ನಡೆಸಿದ ಸಭೆಗಳ ಚರಿತ್ರೆ ರೈತಸಂಘದ ಚರಿತ್ರೆಯ ಪಕ್ಕದಲ್ಲಿ ಎಲ್ಲೂ ದಾಖಲಾಗಿಲ್ಲ.

ಇನ್ನೊಂದು ಇದಕ್ಕಿಂತ ಆಳದ್ದು. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಹೊರಬಂತು. ಮೊದಲ ಮಹಿಳಾ ಸಮ್ಮೇಳನಾಧ್ಯಕ್ಷರನ್ನು ಮೆರವಣಿಗೆಯಲ್ಲಿ ಕರೆದುಕೊಂಡು ಹೋದ ಊರು, ವರದಕ್ಷಿಣೆ ಬೇಡವೆಂದ ಚಳವಳಿಯ ಊರು ಇಲ್ಲಿಗೆ ಹೇಗೆ ಬಂತು? ಮೇಲೆ ಹೇಳಿದ ದಾರಿಗಳನ್ನೆಲ್ಲ ಇನ್ನೊಮ್ಮೆ ನೋಡಿದರೆ ಕಾರಣದ ಒಂದು ಭಾಗ ಸಿಗುತ್ತದೆ. ನಾಟಕದ ಅಭ್ಯಾಸ, ಅರಳಿಕಟ್ಟೆ, ಕಟಿಂಗ್ ಶಾಪು, ಹಾಸ್ಟೆಲು, ಶಿಬಿರ ಎಲ್ಲವೂ ಗಂಡಸರು ಸೇರುವ ಜಾಗಗಳು. ಕಿವಿಯ ದಾರಿಯಲ್ಲಿ ಬಂದ ವಿಚಾರಕ್ಕೆ ಹೆಂಗಸರ ಕಿವಿ ಸಿಕ್ಕಿದ್ದು ಕಡಿಮೆ. ಮಂತ್ರಮಾಂಗಲ್ಯದ ಪ್ರತಿಜ್ಞೆಯನ್ನು ಹುಡುಗಿಯೂ ಓದಿದಳು, ಆದರೆ ಆ ಮದುವೆ ಹಾಗೇ ಆಗಬೇಕೆಂದು ತೀರ್ಮಾನಿಸಿದ ಸಭೆಯಲ್ಲಿ ಅವಳಿರಲಿಲ್ಲ. ಸುನಂದಾ ಜಯರಾಂ ಅವರಂಥ ಕೆಲವರು ರೈತ ಚಳವಳಿಯ ಮುಂಚೂಣಿಯಲ್ಲಿ ನಿಂತು ಮಾತಾಡುತ್ತ ಬಂದಿದ್ದಾರೆ. ಅವರ ಜೊತೆ ಜಾಥಾಕ್ಕೆ ಹೋಗಿ ಲಾಠಿ ತಿಂದು ಜೈಲು ಕಂಡ ಹೆಂಗಸರ ಅನುಭವವನ್ನು ಕೂತು ಕೇಳಿ ಬರೆದುಕೊಂಡವರಿಲ್ಲ.

ಸೋಬಾನೆ ಹಾಡುವವರ ಬಳಿ, ರಾಗಿ ಬೀಸುವ ಪದ ಹೇಳುವವರ ಬಳಿ ಜೀಶಂಪ ಮತ್ತು ಅವರ ಪೀಳಿಗೆ ಹಳ್ಳಿ ಹಳ್ಳಿಗೆ ನಡೆದು ಹೋಗಿ ಕೂತಿದ್ದರಿಂದ ಒಂದು ದೊಡ್ಡ ಭಂಡಾರ ಉಳಿಯಿತು. ಎಂಬತ್ತರ ದಶಕದ ಶಿಬಿರಗಳಿಗೆ ಅಡುಗೆ ಮಾಡಿದವರು, ಸರಳ ಮದುವೆಯಾದವರು, ಗಂಡ ಜೈಲಿನಲ್ಲಿದ್ದಾಗ ಕಬ್ಬು ಕಡಿಸಿ ಫ್ಯಾಕ್ಟರಿಗೆ ಸಾಗಿಸಿದವರು ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಅರವತ್ತು, ಎಪ್ಪತ್ತು ದಾಟಿದೆ. ಸಮ್ಮೇಳನದ ಹೊತ್ತಿಗೆ ನಡೆಯಬೇಕಿದ್ದ ಈ ಕೆಲಸವನ್ನು ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗಗಳು, ಕರ್ನಾಟಕ ಸಂಘ, ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳು ಈ ವರ್ಷವೇ ಹಂಚಿಕೊಂಡು ಶುರುಮಾಡಬಹುದು. ಅದಕ್ಕೆ ಬೇಕಾದ್ದು ಒಂದು ಮೊಬೈಲು, ಒಂದು ನೋಟುಬುಕ್ಕು ಮತ್ತು ಅವರ ಕೆಲಸ ಮುಗಿಯುವವರೆಗೆ ಜಗುಲಿಯ ಮೇಲೆ ಕಾಯುವ ತಾಳ್ಮೆ.