ಡಾಕ್ಟರನ್ನ ತಡೆದ ನರ್ಸ್

ರೋಗಿ ಸತ್ತ, ಸಂಬಂಧಿಕರು ಆಸ್ಪತ್ರೆ ಗಾಜು ಒಡೆದರು, ಒಬ್ಬ ನರ್ಸ್ ಸಸ್ಪೆಂಡ್. ಈ ಸುದ್ದಿಯನ್ನ ನಾನು ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ. ಸಸ್ಪೆಂಡ್ ಆಯ್ತು ಅಂದ ತಕ್ಷಣ ನಾವೂ ಮೈಕು ಸುತ್ತಿಕೊಂಡು ಮುಂದಿನ ಸುದ್ದಿಗೆ ಹೊರಡ್ತೀವಿ. ಅದೇ ತಪ್ಪು ನಾಳೆ ಪಕ್ಕದ ವಾರ್ಡಿನಲ್ಲಿ ಆಗಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?

ಅಮೆರಿಕದ ಬಾಲ್ಟಿಮೋರ್‌ನಲ್ಲಿ, ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಐಸಿಯು ವೈದ್ಯ ಪೀಟರ್ ಪ್ರೊನೊವೊಸ್ಟ್ ಇದಕ್ಕೊಂದು ಉತ್ತರ ಹುಡುಕಿದರು. ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕ್ತಾರಲ್ಲ, ಸೆಂಟ್ರಲ್ ಲೈನ್, ಅದರಿಂದಲೇ ರಕ್ತಕ್ಕೆ ಸೋಂಕು ತಗುಲಿ ಜನ ಸಾಯುತ್ತಿದ್ದರು. 2001ರಲ್ಲಿ ಅವರು ಒಂದು ಹಾಳೆಯಲ್ಲಿ ಐದು ಅಂಶ ಬರೆದರು. ಕೈ ತೊಳೆಯೋದು, ಚರ್ಮವನ್ನ ಕ್ಲೋರ್‌ಹೆಕ್ಸಿಡಿನ್ ಹಾಕಿ ಒರೆಸೋದು, ಮಾಸ್ಕು-ಗೌನು ತೊಡೋದು, ಇಂಥವೇ. ಮೆಡಿಕಲ್ ಓದೋ ಹುಡುಗರಿಗೂ ಗೊತ್ತಿರೋ ವಿಷಯ! ಆದರೆ ನರ್ಸ್‌ಗಳು ಒಂದು ತಿಂಗಳು ಗಮನಿಸಿ ನೋಡಿದಾಗ, ಮೂರನೇ ಒಂದು ಪಾಲಿಗಿಂತ ಹೆಚ್ಚು ರೋಗಿಗಳ ವಿಷಯದಲ್ಲಿ ವೈದ್ಯರು ಒಂದಾದರೂ ಹೆಜ್ಜೆ ಬಿಟ್ಟಿದ್ದರು. ಆಗ ಆಸ್ಪತ್ರೆಯ ಆಡಳಿತವೇ ನರ್ಸ್‌ಗಳಿಗೆ ಅಧಿಕಾರ ಕೊಟ್ಟಿತು: ಹೆಜ್ಜೆ ತಪ್ಪಿದರೆ ಡಾಕ್ಟರನ್ನ ತಡೀಬಹುದು. ನನ್ನ ಪ್ರಕಾರ ಇಡೀ ಕಥೆ ನಿಂತಿರೋದು ಈ ಒಂದು ಮಾತಿನ ಮೇಲೆ.

ಒಂದು ಆಸ್ಪತ್ರೆಯಲ್ಲಿ ಗೆದ್ದದ್ದನ್ನ ರಾಜ್ಯಕ್ಕೆಲ್ಲ ಒಯ್ಯೋದು ಹೇಗೆ? 2003ರಲ್ಲಿ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳು ಕೀಸ್ಟೋನ್ ಎಂಬ ಯೋಜನೆಗೆ ಕೈಜೋಡಿಸಿದವು. ಪ್ರತಿ ಐಸಿಯುನಿಂದ ಕನಿಷ್ಠ ಒಬ್ಬ ವೈದ್ಯ, ಒಬ್ಬ ನರ್ಸ್ ಮುಂದಾಳುಗಳು. ಎರಡು ವಾರಕ್ಕೊಮ್ಮೆ ಫೋನಿನಲ್ಲಿ, ವರ್ಷಕ್ಕೆರಡು ಸಲ ಒಂದೇ ಕಡೆ ಸೇರಿ ಅವರಿಗೆ ತರಬೇತಿ. ಕಲಿತವರು ಹೋಗಿ ತಮ್ಮವರಿಗೆ ಕಲಿಸಬೇಕು. ಪ್ರತಿ ಆಸ್ಪತ್ರೆಯ ಒಬ್ಬ ಹಿರಿಯ ಅಧಿಕಾರಿ ತಿಂಗಳಿಗೊಮ್ಮೆಯಾದರೂ ಐಸಿಯುಗೆ ಬಂದು ಸಿಬ್ಬಂದಿಯ ತೊಂದರೆ ಕೇಳಬೇಕು. ನೋಡಿದರೆ, ಎಷ್ಟೋ ಕಡೆ ಕ್ಲೋರ್‌ಹೆಕ್ಸಿಡಿನ್ನೇ ಇರಲಿಲ್ಲ! ಅದನ್ನ ತರಿಸೋ ಅಧಿಕಾರ ನರ್ಸ್‌ಗೆಲ್ಲಿದೆ ಹೇಳಿ? ಅದಕ್ಕೆ ಮೇಲಿನವರ ಸಹಿಯೇ ಬೇಕು.

2006ರಲ್ಲಿ ಫಲಿತಾಂಶ ಪ್ರಕಟವಾಯ್ತು. ಕೊಳವೆ ಇಟ್ಟ ಪ್ರತಿ ಸಾವಿರ ದಿನಕ್ಕೆ ಸರಾಸರಿ 7.7 ಇದ್ದ ಸೋಂಕು, ಒಂದೂವರೆ ವರ್ಷದಲ್ಲಿ 1.4ಕ್ಕೆ ಇಳಿದಿತ್ತು. ಹೊಸ ಔಷಧಿ ಇಲ್ಲ, ಕೋಟಿ ಬೆಲೆಯ ಯಂತ್ರವೂ ಇಲ್ಲ.

ಮೊನ್ನೆ ನಮ್ಮ ವರದಿಗಾರನೊಬ್ಬ ಫೋನ್ ಮಾಡಿ, "ಸಾರ್, ನರ್ಸ್ ಸಸ್ಪೆಂಡ್ ಆದ್ರು, ಬ್ರೇಕಿಂಗ್ ಹಾಕಿ" ಅಂದ. "ಆ ವಾರ್ಡಿನಲ್ಲಿ ಡಾಕ್ಟರನ್ನ ತಡೆಯೋ ಹಕ್ಕು ಆಕೆಗಿತ್ತಾ, ಕೇಳಿದೆಯಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅದನ್ನ ಯಾರೂ ಕೇಳಲ್ವಲ್ಲ ಸಾರ್."