ತೋಳು ಹಿಡಿದ ವೈದ್ಯ

ವೈದ್ಯರ ಕೋಣೆ, ವೈದ್ಯಕೀಯ ಗ್ರಂಥಾಲಯಗಳ ಗೋಡೆಗೆ ಚೌಕಟ್ಟು ಹಾಕಿಸಿ ತೂಗುಹಾಕುವ ಈ ಮರದಚ್ಚಿನ ಭಾವಚಿತ್ರ ಮೊದಲು ಪುಸ್ತಕದ ಪುಟವಾಗಿತ್ತು. ಬ್ರಸೆಲ್ಸ್‌ನಲ್ಲಿ ಹುಟ್ಟಿ, ಪಡುವಾದಲ್ಲಿ ಪಾಠ ಹೇಳುತ್ತಿದ್ದ ಅಂಗರಚನಾ ಶಾಸ್ತ್ರಜ್ಞ ಆಂಡ್ರಿಯಾಸ್ ವೆಸಾಲಿಯಸ್ ಇವನು. 1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ತನ್ನ ‘ಫ್ಯಾಬ್ರಿಕಾ’ ಗ್ರಂಥಕ್ಕೆ ಇದನ್ನು ಸೇರಿಸಿದ. ಮೇಜಿನ ಅಂಚು ನೋಡಿ: ವಯಸ್ಸು 28, ವರ್ಷ 1542 ಎಂದು ರೋಮನ್ ಅಂಕಿಗಳಲ್ಲಿದೆ. ಕೈಯಲ್ಲಿ ಹಿಡಿದಿರುವುದು ಚರ್ಮ ಬಿಡಿಸಿದ ತೋಳು. ಬೆರಳು ಮಡಿಸುವ ಸ್ನಾಯುಗಳನ್ನು ತೋರಿಸುತ್ತಿದ್ದಾನೆ. ಹೆಣ ಕೊಯ್ಯುವ ಕೆಲಸವನ್ನು ಸಹಾಯಕರಿಗೆ ಬಿಡದ ಪ್ರಾಧ್ಯಾಪಕನ ಹೆಮ್ಮೆ ಅದು. ಮೈಗೆ ತಲೆ ತುಸು ದೊಡ್ಡದಾಯಿತು, ನಿಜ. ಚಿತ್ರ ಬರೆದವರು ಯಾರೆಂದು ಗ್ರಂಥ ಹೇಳುವುದಿಲ್ಲ. ಗ್ರಂಥದ ಮರದ ಅಚ್ಚುಗಳಲ್ಲಿ ಬಹುಪಾಲು ಮ್ಯೂನಿಕ್‌ನಲ್ಲಿ ಉಳಿದಿದ್ದವು. 1934ರಲ್ಲಿ ಮತ್ತೆ ಮುದ್ರಣ ಕಂಡು, ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ನಾಶವಾದವು.